ಲ್ಯಾಮಿನೇಷನ್ ಮಾಡಿಸಿದ ಮೊಮ್ಮಗಳು

ನನ್ನ ಮೊಮ್ಮಗಳಿಗೆ ಈಗ ಐದು ತಿಂಗಳು. ಮಗ್ಗುಲಾಗುತ್ತಾಳೆ, ನನ್ನ ಕನ್ನಡಕ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾಳೆ, ಅಜ್ಜಿಯನ್ನು ಕಂಡು ಸುಮ್ಮನಿರುವವಳು ನನ್ನನ್ನು ಕಂಡರೆ ಕೈಕಾಲು ಬಡಿದು ನಗುತ್ತಾಳೆ. ಇಂಥ ಕೂಸು ಇನ್ನೊಂದಿಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಕೇಳಿ ಕೇಳಿ ಮನೆಯವರಿಗೆ ಸಾಕಾಗಿ ಹೋಗಿದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಕಾಗದಕ್ಕೆ ಬೇಸರವಾಗುವುದಿಲ್ಲವಲ್ಲ. ಆದರೆ ನಾನು ಬರೆಯಬೇಕೆಂದಿರುವುದು ಅವಳು ಹುಟ್ಟಿದ ಮೇಲಿನ ಸಂತೋಷವನ್ನಲ್ಲ. ಅವಳು ಹುಟ್ಟುವ ನಾಲ್ಕು ತಿಂಗಳು ಮೊದಲು, ಕಂಪ್ಲಿ ಬಸ್‌ಸ್ಟ್ಯಾಂಡಿನ ಎದುರಿಗೆ, ಹಾಡುಹಗಲೇ, ನಾನೇ ನಿಂತು ಅವಳನ್ನು ಮಸಿ ಮಾಡಿಸಿದ ಕಥೆಯನ್ನು!

ಮೊದಲು ನಾನು ಯಾರು ಎಂದು ಹೇಳಿಬಿಡುತ್ತೇನೆ. ಹೆಸರು ಪಂಪಾಪತಿ. ಓದಿದ್ದು ನಾಲ್ಕನೇ ಕ್ಲಾಸು. ಕಂಪ್ಲಿಯ ಒಂದು ರೈಸ್‌ಮಿಲ್ಲಿನಲ್ಲಿ ಭತ್ತ ನೋಡುವ ಕೆಲಸ. ಲಾರಿ ಬಂದು ನಿಂತರೆ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಉದುರಿದ ನಾಲ್ಕು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಟಕ್ಕನೆ ಕಡಿಯುತ್ತೇನೆ. ಒಳಗೆ ಹಸಿ ಎಷ್ಟು, ಮಿಷನ್ನಿಗೆ ಹಾಕಿದರೆ ಅಕ್ಕಿ ಎಷ್ಟು, ನುಚ್ಚು ಎಷ್ಟು, ಎಲ್ಲ ನನ್ನ ದವಡೆಗೆ ಗೊತ್ತಾಗುತ್ತದೆ. ತೇವ ಅಳೆಯುವ ಮಿಷನ್ನು ಬಂದು ವರ್ಷಗಳೇ ಆದವು. ಆದರೂ ನಮ್ಮ ಸಾಹುಕಾರರು ಮಿಷನ್ನಿನ ಕಡೆ ಒಮ್ಮೆ ನೋಡಿ, ಆಮೇಲೆ ನನ್ನ ಬಾಯಿಯ ಕಡೆ ನೋಡುತ್ತಾರೆ. ಹೀಗಾಗಿ, ಒಳಗಿರುವುದನ್ನು ಹೊರಗೆ ನಿಂತು ಕಂಡುಹಿಡಿಯುವ ವಿದ್ಯೆಯಲ್ಲಿ ಈ ಸೀಮೆಗೆ ನಾನೊಬ್ಬನೇ ಎಂಬ ಜಂಬ ನನಗಿತ್ತು.

ಇನ್ನೊಂದು ನಂಬಿಕೆ ಲ್ಯಾಮಿನೇಷನ್ನಿನ ಮೇಲೆ. ಓದು ಕಡಿಮೆ ಇದ್ದವರಿಗೆ ಕಾಗದದ ಮೇಲೆ ಭಯಭಕ್ತಿ ಜಾಸ್ತಿ. ಒಂದು ಕಾಗದ ಹರಿದು ಹೋದರೆ ಅದನ್ನು ಮತ್ತೆ ಮಾಡಿಸಲು ಎಷ್ಟು ಆಫೀಸಿನ ಮೆಟ್ಟಿಲು ಹತ್ತಬೇಕು, ಎಷ್ಟು ಜನರ ಮುಂದೆ ಕೈಕಟ್ಟಿ ನಿಲ್ಲಬೇಕು ಎಂಬುದು ನಮ್ಮಂಥವರಿಗೇ ಗೊತ್ತು. ಆದ್ದರಿಂದ ರೇಷನ್ ಕಾರ್ಡು, ಆಧಾರ್, ಹೊಲದ ಪಹಣಿ, ಮಗನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು, ಕೊನೆಗೆ ನನ್ನ ಮದುವೆಯ ಲಗ್ನಪತ್ರಿಕೆಯ ತನಕ ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದೇನೆ. ನಮ್ಮ ಮನೆಯಲ್ಲಿ ಲ್ಯಾಮಿನೇಷನ್ ಆಗದೆ ಉಳಿದಿರುವವರು ನಾನು ಮತ್ತು ನನ್ನ ಹೆಂಡತಿ ನೀಲಮ್ಮ ಇಬ್ಬರೇ.

ನಮಗೆ ಒಬ್ಬನೇ ಮಗ, ವೀರೇಶ. ಸಂಡೂರಿನ ಕಡೆ ಮೈನ್ಸಿನಲ್ಲಿ ಟಿಪ್ಪರ್ ಓಡಿಸುತ್ತಾನೆ. ಎಂಟು ದಿನಕ್ಕೊಮ್ಮೆ ಕಿವಿಯೊಳಗೂ ಕೆಂಪು ಧೂಳು ತುಂಬಿಕೊಂಡು ಮನೆಗೆ ಬರುತ್ತಾನೆ. ಸೊಸೆ ಶಿಲ್ಪಾ ಎಮ್ಮಿಗನೂರಿನವಳು. ಮದುವೆಯಾದ ಮೇಲೆ ಎರಡು ಸಲ ಬಸಿರಾಗಿ, ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಮೂರನೇ ಸಲ ಈಗ ಐದನೇ ತಿಂಗಳು ನಡೆಯುತ್ತಿತ್ತು. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಸಂತೋಷವನ್ನೂ ಪಿಸುಮಾತಿನಲ್ಲಿ ಪಡುತ್ತಿದ್ದೆವು. ಮಿಲ್ಲಿನಲ್ಲಿ ಯಾರಾದರೂ "ಸೊಸಿಗೆ ಏನರ ವಿಶೇಷ ಐತೇನು ಪಂಪಣ್ಣ?" ಎಂದು ಕೇಳಿದರೆ, ಕಾಳು ಕಡಿಯುತ್ತಿರುವವನ ಹಾಗೆ ಬಾಯಿ ಮುಚ್ಚಿಕೊಂಡು ತಲೆ ಅಲ್ಲಾಡಿಸುತ್ತಿದ್ದೆ. ಅಷ್ಟು ಹೆದರಿಕೆ.

ಐದನೇ ತಿಂಗಳ ಸ್ಕ್ಯಾನಿಗೆ ಸೋಮವಾರ ಹೊಸಪೇಟೆಗೆ ಹೋದೆವು. ಅದೊಂದು ಹೆರಿಗೆ ಆಸ್ಪತ್ರೆ. ಕೆಳಗೆ ಸ್ಕ್ಯಾನಿನ ಕೋಣೆ, ಮೇಲೆ ವಾರ್ಡು. ನೀಲಮ್ಮ ಸೊಸೆಯ ಜೊತೆ ಒಳಗೆ ಹೋದಳು. ನಾನು ಹೊರಗೆ ಬೆಂಚಿನ ಮೇಲೆ ಕೂತು, ಆಗಾಗ ಎದ್ದು, ಮತ್ತೆ ಕೂತು, ಬೆಂಚಿನಲ್ಲಿ ಕೂತಿದ್ದ ಇತರರಿಗೂ ತೊಂದರೆ ಕೊಟ್ಟೆ. ಮುಕ್ಕಾಲು ತಾಸಾದ ಮೇಲೆ ಡಾಕ್ಟರಮ್ಮ ನನ್ನನ್ನೂ ಕರೆದು ಕೂಡಿಸಿ ವಿವರ ಹೇಳಿದರು. ಈ ಮಿಷನ್ನಿನಲ್ಲಿ ಬೆಳಕು ಇಲ್ಲವಂತೆ, ಎಕ್ಸ್‌ರೇ ಇಲ್ಲವಂತೆ. ಕಿವಿಗೆ ಕೇಳದಷ್ಟು ಸಣ್ಣ ಶಬ್ದವನ್ನು ಹೊಟ್ಟೆಯೊಳಗೆ ಕಳಿಸಿ, ಅದು ತಟ್ಟಿ ಮರಳಿ ಬಂದ ಲೆಕ್ಕದಲ್ಲಿ ಚಿತ್ರ ಬರೆಯುತ್ತದಂತೆ. ಮೊದಲೆಲ್ಲ ಬರೀ ಮಂಜು ಮಂಜಾಗಿ ಕಾಣುತ್ತಿದ್ದದ್ದು ಈಗ ಮಣ್ಣಿನಲ್ಲಿ ತಿದ್ದಿ ಮಾಡಿದ ಗೊಂಬೆಯ ಹಾಗೆ ಮುಖವೇ ಕಾಣುತ್ತದಂತೆ. ತಲೆಯ ಅಳತೆ, ತೊಡೆಯ ಅಳತೆಗಳನ್ನು ಈಗ ಮಿಷನ್ನೇ ತಾನಾಗಿ ಗೆರೆ ಎಳೆದು ಹಾಕುತ್ತದಂತೆ. ನಮ್ಮ ವೀರೇಶ ಹೊಟ್ಟೆಯಲ್ಲಿದ್ದಾಗ ಸೂಲಗಿತ್ತಿ ಅಂಗೈ ಇಟ್ಟು ನೋಡಿ "ಆರಾಮ ಐತಿ" ಎಂದಿದ್ದಳು. ಅಷ್ಟಕ್ಕೇ ನಾವು ನಿದ್ದೆ ಮಾಡಿದ್ದೆವು.

ಎಲ್ಲ ಹೇಳಿ ಮುಗಿಸಿ ಡಾಕ್ಟರಮ್ಮ ಕೊನೆಗೆ, "ಒಂದು ಸಣ್ಣ ವಿಷಯ" ಎಂದರು.

ಡಾಕ್ಟರುಗಳು ದೊಡ್ಡ ವಿಷಯ ಎಂದರೆ ಧೈರ್ಯವಾಗಿರಬಹುದು. ಸಣ್ಣ ವಿಷಯ ಎಂದರೆ ಮೈ ಬೆವರುತ್ತದೆ.

ಕೂಸಿನ ಹೃದಯದೊಳಗೆ ಸಾಸಿವೆಯಷ್ಟು ಒಂದು ಬಿಳಿ ಚುಕ್ಕಿ ಕಂಡಿತ್ತು. ಎಷ್ಟೋ ಕೂಸುಗಳಿಗೆ ಇರುತ್ತದೆ, ಬಹಳ ಮಟ್ಟಿಗೆ ಏನೂ ಆಗುವುದಿಲ್ಲ, ಆದರೂ ಶನಿವಾರ ಹೊರಗಿನಿಂದ ಕೂಸುಗಳ ಹೃದಯವನ್ನೇ ನೋಡುವ ದೊಡ್ಡ ಡಾಕ್ಟರು ಬರುತ್ತಾರೆ, ಒಂದು ಸಲ ತೋರಿಸಿಬಿಡಿ ಎಂದರು. ರಿಪೋರ್ಟಿನ ಜೊತೆ ನುಣುಪಾದ ಒಂದು ಉದ್ದನೆಯ ಕಾಗದ ಕೊಟ್ಟರು. ಅದರಲ್ಲಿ ಮೇಲೆ ಕೂಸಿನ ಮುಖ, ಕೆಳಗೆ ಹೃದಯ, ಹೃದಯದೊಳಗೆ ಚುಕ್ಕಿಗೆ ಬಾಣದ ಗುರುತು. "ಇವನ್ನೆಲ್ಲ ಶನಿವಾರ ತಗೊಂಡು ಬನ್ನಿ" ಎಂದರು. ಎಲ್ಲರಿಗೂ ಹೇಳುವಂತೆಯೇ ಹೇಳಿದರು. ನಾನು ಮಾತ್ರ ಅದನ್ನು ಸುಪ್ರೀಂ ಕೋರ್ಟಿನ ಆಜ್ಞೆಯಂತೆ ತೆಗೆದುಕೊಂಡೆ.

ಮರಳಿ ಬರುವಾಗ ಬಸ್ಸಿನಲ್ಲಿ ಆ ಚಿತ್ರವನ್ನು ಎಷ್ಟು ಸಲ ನೋಡಿದೆನೋ. ಕಣ್ಣು ಮುಚ್ಚಿ, ಗಲ್ಲಕ್ಕೆ ಮುಷ್ಟಿ ಒತ್ತಿ, ಏನೋ ವಿಚಾರ ಮಾಡುತ್ತಾ ಮಲಗಿತ್ತು ಕೂಸು. ಮೂಗು ನನ್ನದೇ ಎಂದು ನೀಲಮ್ಮನಿಗೆ ತೋರಿಸಿದೆ. ಇನ್ನೂ ಬೆಳೆಯುವ ಕೂಸಿಗೆ ಈಗಲೇ ಹಂಗೆಲ್ಲ ಅನ್ನಬ್ಯಾಡ್ರಿ ಎಂದಳು. ಶಿಲ್ಪಾ ಕಿಟಕಿಯ ಕಡೆ ಮುಖ ಮಾಡಿ ನಕ್ಕಳು. ಶನಿವಾರದ ತನಕ ಅವಳು ನಕ್ಕಿದ್ದು ಅದೇ ಕೊನೆ. ಮುಂದಿನದಕ್ಕೆಲ್ಲ ಕಾರಣ ನಾನು.

ಮಂಗಳವಾರ ಬೆಳಿಗ್ಗೆ ಚಿತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮಿಲ್ಲಿಗೆ ಹೋದೆ. ಎರಡು ತಾಸಿನಲ್ಲಿ ಅದರ ಅಂಚು ಬೆವರಿಗೆ ಸುರುಳಿ ಸುತ್ತತೊಡಗಿತು. ಶನಿವಾರದ ತನಕ ಇದು ಹಾಳಾದರೆ ದೊಡ್ಡ ಡಾಕ್ಟರು ಏನನ್ನು ನೋಡಿ ಹೇಳಬೇಕು? ಚುಕ್ಕಿ ಕಾಣದೆ ಹೋದರೆ? ಅಥವಾ ಕಲೆ ಬಿದ್ದು ಒಂದು ಚುಕ್ಕಿ ಎರಡಾದರೆ? ನೇರವಾಗಿ ಬಸ್‌ಸ್ಟ್ಯಾಂಡಿನ ಎದುರಿನ ಇಸ್ಮಾಯಿಲನ ಝೆರಾಕ್ಸ್ ಅಂಗಡಿಗೆ ನಡೆದೆ. ನನ್ನ ಮನೆಯ ಕಾಗದಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿದವನು ಅವನೇ.

ಇಸ್ಮಾಯಿಲ್ ಚಿತ್ರವನ್ನು ಬೆರಳಲ್ಲಿ ಉಜ್ಜಿ ನೋಡಿದ. "ಕಾಕಾ, ಇದು ಬಸ್ ಟಿಕೆಟ್ ಬರ್ತೈತಲ್ಲ, ಆ ಜಾತಿ ಕಾಗದ. ಬಿಸಿ ತಡಿಯಂಗಿಲ್ಲ. ಬ್ಯಾಡ್ರಿ."

ಯಾವುದನ್ನು ಯಾವುದಕ್ಕೆ ಹೋಲಿಸುತ್ತಾನೆ ನೋಡಿ ಎಂದು ನನಗೆ ಸಿಟ್ಟು ಬಂತು. "ಬಸ್ ಟಿಕೆಟ್ ಕೊಟ್ಟಾಂವ ಕಂಡಕ್ಟರ. ಇದನ್ನ ಕೊಟ್ಟಾರ ಡಾಕ್ಟ್ರು. ಹಾಕಪಾ ನೀನು."

"ಹಂಗಾರ ಮೊದ್ಲು ಒಂದು ಝೆರಾಕ್ಸ್ ಆದ್ರೂ ತಗೊಂಡು ಇಟ್ಟುಕೊಳ್ರಿ."

"ಹುಟ್ಟದ ಕೂಸಿಗೆ ಈಗಲೇ ನಕಲು ಯಾಕ? ಹಾಕಂದ್ರ ಹಾಕು."

ಎರಡು ಸಲ ಎಚ್ಚರಿಸಿದ. ಎರಡು ಸಲವೂ ನಾನೇ ಬಾಯಿ ಮುಚ್ಚಿಸಿದೆ. ಇದನ್ನು ಇಲ್ಲಿ ಬರೆದಿಡುವುದು ಇಸ್ಮಾಯಿಲನಿಗೆ ನಾನು ಸಲ್ಲಿಸಬೇಕಾದ ನ್ಯಾಯ.

ಅವನು ಚಿತ್ರವನ್ನು ಪ್ಲಾಸ್ಟಿಕ್ಕಿನೊಳಗೆ ಸೇರಿಸಿ ಮಿಷನ್ನಿನ ಬಾಯಿಗೆ ಕೊಟ್ಟ. ಆ ಕಡೆಯಿಂದ ನಿಧಾನವಾಗಿ ಹೊರಗೆ ಬರತೊಡಗಿತು. ನಾನು ಬಗ್ಗಿ ನಿಂತು ನೋಡುತ್ತಿದ್ದೆ. ಮೊದಲು ಬರಬೇಕಾದದ್ದು ಹೃದಯ. ಬಂದದ್ದು ಕಪ್ಪು. ಇದೇನೋ ಅಂಚಿನ ಭಾಗವಿರಬೇಕು ಎಂದುಕೊಂಡೆ. ಇನ್ನೂ ಬಂತು. ಇನ್ನೂ ಕಪ್ಪು. ಮುಖ ಇನ್ನೂ ಮಿಷನ್ನಿನ ಒಳಗಿತ್ತು. "ನಿಲ್ಸಲೇ, ನಿಲ್ಸು" ಎಂದು ಕೂಗಿದೆ. ಇಸ್ಮಾಯಿಲ್ ಗಾಬರಿಯಾಗಿ ಸ್ವಿಚ್ಚು ಆರಿಸಿದ. ಆರಿಸಿದ್ದರಿಂದ ಉರುಳೆ ನಿಂತಿತು, ಬಿಸಿ ನಿಲ್ಲಲಿಲ್ಲ. ಮುಖ ಆ ಬಿಸಿ ಉರುಳೆಗಳ ನಡುವೆ ಸಿಕ್ಕಿಕೊಂಡು ಕೂತಿತು. ಎಳೆದು ತೆಗೆಯುವ ಹೊತ್ತಿಗೆ ಗಲ್ಲವಿಲ್ಲ, ಮುಷ್ಟಿಯಿಲ್ಲ, ನನ್ನ ಮೂಗಿಲ್ಲ. ಬಾಣಲೆಯ ತಳದಂತೆ ಹೊಳೆಯುವ ಒಂದು ಕರೀ ಪಟ್ಟಿ. ಬಹಳ ಚೆನ್ನಾಗಿ ಲ್ಯಾಮಿನೇಷನ್ ಆಗಿತ್ತು! ನಾಲ್ಕೂ ಮೂಲೆ ಸಮ, ಒಂದು ಗುಳ್ಳೆಯಿಲ್ಲ. ನೂರು ವರ್ಷ ಏನೂ ಆಗುವುದಿಲ್ಲ ಅದಕ್ಕೆ.

ಇಸ್ಮಾಯಿಲ್ ಬೇರೆ ದಿನವಾಗಿದ್ದರೆ ಗೇಲಿ ಮಾಡುವ ಮನುಷ್ಯ. ಅವತ್ತು ಸ್ಟೂಲು ಎಳೆದು ಕೂಡಿಸಿ ನೀರು ಕೊಟ್ಟ. ಅವನು ಗೇಲಿ ಮಾಡದೆ ಇದ್ದದ್ದು ನನ್ನನ್ನು ಇನ್ನಷ್ಟು ಹೆದರಿಸಿತು.

ಕಾಗದ ಬೇರೆ, ಕೂಸು ಬೇರೆ ಎಂದು ನನಗೂ ಗೊತ್ತು. ನಾಲ್ಕನೇ ಕ್ಲಾಸಿಗೆ ಅಷ್ಟು ಬುದ್ಧಿ ಬರುತ್ತದೆ. ಆದರೆ ಎರಡು ಸಲ ಕೈಗೆ ಬಂದದ್ದು ಹೋಗಿರುವ ಮನೆಯವನಿಗೆ, ಮೂರನೆಯದರ ಹೃದಯ ಕಣ್ಣೆದುರೇ ಕಪ್ಪಾಗುವುದನ್ನು ನೋಡಿದ ಮೇಲೆ, ಆ ಬುದ್ಧಿ ಎಷ್ಟು ಹೊತ್ತು ನಿಲ್ಲುತ್ತದೆ? ಕರೀ ಪಟ್ಟಿಯನ್ನು ಅಂಗಿಯೊಳಗೆ ಅಡಗಿಸಿಕೊಂಡು ಮನೆಗೆ ಹೋದೆ.

ಆಮೇಲೆ ಸುಳ್ಳಿನ ಕೆಲಸ ಶುರುವಾಯಿತು. ಈ ಕೆಲಸದಲ್ಲಿ ನನಗೆ ಅನುಭವ ಸಾಲದು. ಫೋಟೋ ಎಲ್ಲಿ ಎಂದು ನೀಲಮ್ಮ ಕೇಳಿದಳು. ಮಿಲ್ಲಿನ ಗಾಡ್ರೇಜಿನಲ್ಲಿ ಭದ್ರವಾಗಿದೆ ಎಂದೆ. ಬುಧವಾರ ಎಮ್ಮಿಗನೂರಿನಿಂದ ಬೀಗಿತ್ತಿ ಬಂದರು, ಮೊಮ್ಮಗುವಿನ ಮುಖ ನೋಡುವ ಆಸೆಯಿಂದ ಗಟ್ಟಿ ಮೊಸರು, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದರು. ಗಾಡ್ರೇಜಿನ ಕೀಲಿ ಸಾಹುಕಾರರ ಹತ್ತಿರ, ಸಾಹುಕಾರರು ಗಂಗಾವತಿಯಲ್ಲಿ ಎಂದೆ. ಹೇಳಿ ಅರ್ಧ ತಾಸಾಗಿಲ್ಲ, ಸಾಹುಕಾರರು ಸ್ಕೂಟರಿನಲ್ಲಿ ನಮ್ಮ ಮನೆಯ ಮುಂದೆಯೇ ಹಾದು ಹೋದರು, ಹಾರ್ನ್ ಬೇರೆ ಹೊಡೆದರು. ಬೀಗಿತ್ತಿ ನನ್ನ ಮುಖ ನೋಡಿದರು. ನಾನು ಹೋಳಿಗೆ ನೋಡಿದೆ.

ಆಗ ಬಾಯಿಗೆ ಬಂದದ್ದು ಅತ್ಯಂತ ಕೆಟ್ಟ ಸುಳ್ಳು. "ಆ ಚಿತ್ರನ ಪದೇ ಪದೇ ನೋಡಬಾರ್ದು. ದೃಷ್ಟಿ ಆಕ್ಕೈತಿ. ಶನಿವಾರದ ತನಕ ಯಾರೂ ಕೇಳಬ್ಯಾಡ್ರಿ."

ದೃಷ್ಟಿ, ಗಿಷ್ಟಿ ಎಂದರೆ ನಗುವ ಮನುಷ್ಯ ನಾನು. ಅಂಥವನ ಬಾಯಲ್ಲಿ ಈ ಮಾತು ಬಂದದ್ದು ಮನೆಯಲ್ಲಿ ಸಿಡಿಲು ಬಿದ್ದಂತಾಯಿತು. ನೀಲಮ್ಮ ಅವತ್ತು ಸಂಜೆಯೇ ಉಪ್ಪು, ಒಣಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಎಲ್ಲರೂ ಕೆಮ್ಮಿ ಕೆಮ್ಮಿ ಹೊರಗೆ ಓಡಿದೆವು, ಬಸುರಿ ಎಲ್ಲರಿಗಿಂತ ಹೆಚ್ಚು ಕೆಮ್ಮಿದಳು. ಬೀಗಿತ್ತಿ ಹಂಪಿಯ ವಿರೂಪಾಕ್ಷನಿಗೆ ಹರಕೆ ಹೊತ್ತರು. ನೀಲಮ್ಮ ಅದಕ್ಕಿಂತ ದೊಡ್ಡ ಹರಕೆ ಹೊತ್ತಳು. ನಾನು ಹಚ್ಚಿದ ಬೆಂಕಿಗೆ ಇಬ್ಬರೂ ಪೈಪೋಟಿಯಲ್ಲಿ ಎಣ್ಣೆ ಸುರಿಯುತ್ತಿದ್ದರು. ನಿಲ್ಲಿಸಿ ಎನ್ನಲು ನನಗೆ ಬಾಯಿಲ್ಲ.

ಗುರುವಾರ ಬೆಳಿಗ್ಗೆ ಹಿತ್ತಲಿನಲ್ಲಿ ಹಲ್ಲುಜ್ಜುತ್ತಿದ್ದೆ. ಶಿಲ್ಪಾ ಬಂದು ಟವೆಲ್ಲು ಹಿಡಿದು ನಿಂತಳು. ಹಿಂದಿನ ದಿನದಿಂದ ಅವಳು ಒಂದು ರೊಟ್ಟಿಯನ್ನೂ ಪೂರ್ತಿ ತಿಂದಿರಲಿಲ್ಲ ಎಂದು ನೀಲಮ್ಮ ಹೇಳಿದ್ದಳು. ಮೆಲ್ಲಗೆ ಕೇಳಿದಳು:

"ಮಾವ, ಡಾಕ್ಟರಮ್ಮ ನಿಮಗೊಬ್ಬರಿಗೇ ಏನರ ಹೇಳ್ಯಾರೇನ್ರಿ? ನನ್ನ ಮುಂದ ಮುಚ್ಚಬ್ಯಾಡ್ರಿ. ಎರಡು ಸಲ ತಡಕೊಂಡೀನಿ, ಗೊತ್ತಾದ್ರ ತಡಕೋತೀನಿ. ಗೊತ್ತಾಗದ ಹಿಂಗ ಇರೂದು ಆಗವಲ್ದು."

ನನ್ನ ಬಾಯೊಳಗೆ ಪೇಸ್ಟು ತುಂಬಿತ್ತು. ಅದೊಂದು ನೆಪ. ಆ ಕ್ಷಣ ಉಗುಳಿ ಸತ್ಯ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಏನು ಮಾಡಿದೆ? ಟವೆಲ್ಲು ತೆಗೆದುಕೊಂಡು, "ಏನಿಲ್ಲ ಯವ್ವಾ, ಏನಿಲ್ಲ" ಎಂದು ಮುಖ ಮುಚ್ಚಿಕೊಂಡು ಒಳಗೆ ಓಡಿದೆ. ಏನೂ ಇಲ್ಲದ ಮನುಷ್ಯ ಹಾಗೆ ಮುಖ ಮುಚ್ಚಿಕೊಂಡು ಓಡುತ್ತಾನೆಯೇ? ಹಿಂದೆ ತಿರುಗಿ ನೋಡಿದರೆ, ಅವಳು ತೊಟ್ಟಿಯ ಅಂಚನ್ನು ಹಿಡಿದುಕೊಂಡು ನಿಂತೇ ಇದ್ದಳು.

ಇನ್ನು ಒಂದೇ ದಾರಿ. ಹೊಸಪೇಟೆಗೆ ಹೋಗಿ ಇನ್ನೊಂದು ಫೋಟೋ ತರುವುದು. ಕರೀ ಪಟ್ಟಿಯನ್ನು ಕೈಚೀಲಕ್ಕೆ ಹಾಕಿಕೊಂಡು, ಮಿಲ್ಲಿಗೆ ಹೋಗುತ್ತೇನೆಂದು ಹೇಳಿ ಹತ್ತು ಗಂಟೆಯ ಬಸ್ಸು ಹತ್ತಿದೆ.

ಕೌಂಟರಿನಲ್ಲಿ ಕೂತಿದ್ದ ಹೆಣ್ಣುಮಗಳಿಗೆ ಬಹಳ ವಿನಯದಿಂದ ನಮಸ್ಕಾರ ಮಾಡಿ, ಸೊಸೆಯ ಹೊಟ್ಟೆಯ ಫೋಟೋ ಇನ್ನೊಂದು ಬೇಕಿತ್ತು ಎಂದೆ. ಸೊಸೆ ಎಲ್ಲಿ ಎಂದು ಕೇಳಿದಳು. ಊರಲ್ಲಿ. ಮಗ? ಡ್ಯೂಟಿಯಲ್ಲಿ. ಅವರಿಗೆ ನೀವು ಬಂದದ್ದು ಗೊತ್ತೇ? ಗೊತ್ತಾಗಬಾರದು ತಾಯಿ, ಅದಕ್ಕೇ ಒಬ್ಬನೇ ಬಂದಿದ್ದೇನೆ ಎಂದೆ. ನಾನು ಎಷ್ಟು ಪ್ರಾಮಾಣಿಕನಾಗಿ ಉತ್ತರ ಕೊಡುತ್ತಿದ್ದೆನೋ ಅವಳ ಮುಖ ಅಷ್ಟು ಬಿಗಿಯಾಗುತ್ತಾ ಹೋಯಿತು. ಕೊನೆಗೆ ಪೆನ್ನಿನಿಂದ ನನ್ನ ತಲೆಯ ಮೇಲಿದ್ದ ದೊಡ್ಡ ಫಲಕ ತೋರಿಸಿ, "ಅದನ್ನ ಓದ್ರಿ" ಎಂದಳು.

ನಾನು ಓದುವುದು ಅಕ್ಷರ ಕೂಡಿಸಿ, ಸ್ವಲ್ಪ ಜೋರಾಗಿ. ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ, ಇದು ಶಿಕ್ಷಾರ್ಹ ಅಪರಾಧ ಎಂದು ಅದರಲ್ಲಿತ್ತು. ಅರ್ಧ ಓದುವಷ್ಟರಲ್ಲಿ ಕೂತಿದ್ದವರೆಲ್ಲ ನನ್ನ ಕಡೆ ತಿರುಗಿದ್ದರು. ಪೂರ್ತಿ ಓದಿದಾಗ ನನಗೆ ಅರ್ಥವಾಯಿತು: ಗಂಡೋ ಹೆಣ್ಣೋ ತಿಳಿಯಲು ಕದ್ದು ಬಂದಿರುವ ಮುದುಕ ಎಂದು ಇವರೆಲ್ಲ ತಿಳಿದಿದ್ದಾರೆ! ಕೈಗೆ ಕೋಳ ಬಿದ್ದಂತೆಯೇ ಆಯಿತು. ಜೈಲಿನ ಕಂಬಿಯ ಆಚೆ ನಿಂತು ಮೊಮ್ಮಗುವಿನ ಮುಖ ನೋಡುವ ಚಿತ್ರವೂ ಕಣ್ಣ ಮುಂದೆ ಬಂತು.

"ಅಯ್ಯಾ, ಯಾವುದಾದ್ರೂ ಆಗ್ಲವ್ವಾ, ಉಳಿದ್ರ ಸಾಕು. ನಾ ಬಂದದ್ದು ಇದಕ್ಕ" ಎಂದು, ನಾನು ನಿರಪರಾಧಿ ಎಂದು ಸಾಬೀತುಪಡಿಸಲು ಚೀಲದಿಂದ ಆ ಕರೀ ಪಟ್ಟಿಯನ್ನು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. "ಸೋಮವಾರ ನಿಮ್ಮ ಮಿಷನ್ನಾಗ ಚೊಲೋ ಇತ್ರಿ. ಮರುದಿನಕ್ಕ ಹಿಂಗಾತು."

ಹಿಂದೆ ಎಂಟು ಹತ್ತು ಬಸುರಿಯರು ಕೂತಿದ್ದಾರೆ ಎಂಬುದನ್ನು ನಾನು ಮರೆತಿದ್ದೆ.

ಮೊದಲು ಒಬ್ಬಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಎದ್ದು ನಿಂತಳು. ಇನ್ನೊಬ್ಬಳ ತಾಯಿ, "ಯಾವ ಮಿಷನ್ನು? ಈ ಕೋಣೀದೇನು?" ಎಂದು ಕೇಳಿದಳು. ಮೂರನೆಯವಳು ಅಳಲು ಶುರು ಮಾಡಿದಳು. ಒಬ್ಬ ಗಂಡ ತನ್ನ ಹೆಂಡತಿಯ ಕೈ ಹಿಡಿದು ಬಾಗಿಲ ಕಡೆ ಹೊರಟ. ಒಂದು ನಿಮಿಷದಲ್ಲಿ ಸಂತೆ ಚದುರಿದಂತಾಯಿತು. ನಾನು ಪಟ್ಟಿಯನ್ನು ಎತ್ತಿ ಹಿಡಿದುಕೊಂಡೇ, "ಹೆದರಬ್ಯಾಡ್ರಿ, ಹೆದರಬ್ಯಾಡ್ರಿ" ಎಂದು ಎಲ್ಲರ ಹಿಂದೆ ಓಡಾಡಿದೆ. ಅವರು ಹೆದರುತ್ತಿದ್ದದ್ದೇ ನನ್ನನ್ನು ಕಂಡು. ವಾಚ್‌ಮನ್ ಬಂದು ರಟ್ಟೆ ಹಿಡಿದು ಮೆಟ್ಟಿಲ ತನಕ ಬಿಟ್ಟು ಬಂದ. ಶನಿವಾರ ಪೇಶಂಟನ್ನು ಕರೆದುಕೊಂಡು ಬನ್ನಿ, ಅಲ್ಲಿಯತನಕ ಈ ಕಡೆ ಬರಬೇಡಿ ಎಂದ. ಲ್ಯಾಮಿನೇಷನ್ ಎಂಬ ಒಂದೇ ಒಂದು ಶಬ್ದ ಹೇಳಿದ್ದರೆ ಮುಗಿಯುತ್ತಿತ್ತು. ಆ ಗಲಾಟೆಯಲ್ಲಿ ಅದೇ ಬಾಯಿಗೆ ಬರಲಿಲ್ಲ.

ಶುಕ್ರವಾರದ ಬಗ್ಗೆ ಬರೆಯುವುದಿಲ್ಲ. ಅವತ್ತು ಕಾಳು ಕಡಿದರೂ ನನಗೆ ಏನೂ ಗೊತ್ತಾಗಲಿಲ್ಲ. ಒಂದು ಲಾರಿ ಹಸಿ ಭತ್ತವನ್ನು ಒಣಗಿದ್ದೆಂದು ಪಾಸು ಮಾಡಿದೆ.

ಶನಿವಾರ ಬಂದೇ ಬಂತು. ವೀರೇಶನಿಗೆ ರಜೆ ಸಿಗಲಿಲ್ಲ, ಫೋನು ಮಾಡುತ್ತಲೇ ಇದ್ದ. ನಾನು ತಲೆಗೆ ರುಮಾಲು ಸುತ್ತಿ, ವಾಚ್‌ಮನ್ನಿಗೆ ಗುರುತು ಸಿಗದಂತೆ ನೀಲಮ್ಮನ ಬೆನ್ನ ಹಿಂದೆ ನುಸುಳಿದೆ. ಒಳಗೆ ಒಬ್ಬರನ್ನು ಮಾತ್ರ ಬಿಡುತ್ತೇವೆ ಎಂದು ನರ್ಸಮ್ಮ ಹೇಳಿದಾಗ ನೀಲಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ಶಿಲ್ಪಾ ಮಾತ್ರ ನನ್ನ ಕಡೆ ನೋಡಿದಳು.

"ಮಾವ ಬರ್ಲಿ ಅತ್ತಿ. ಅವರಿಗೆ ಎಲ್ಲಾ ಗೊತ್ತೈತಿ."

ನನಗೆ ಎಲ್ಲಾ ಗೊತ್ತಿತ್ತು! ಮುಳ್ಳಿನ ಮೇಲೆ ನಡೆದಂತೆ ಒಳಗೆ ಹೋದೆ.

ಕೋಣೆ ತಂಪಾಗಿತ್ತು, ಅರೆಗತ್ತಲಾಗಿತ್ತು. ದೊಡ್ಡ ಡಾಕ್ಟರು ವಯಸ್ಸಿನಲ್ಲಿ ನನ್ನ ಮಗನಷ್ಟೇ ಇದ್ದರು. ಶಿಲ್ಪಾ ಮಲಗಿದಳು. ಅವರು ಮಿಷನ್ನಿನ ಗುಂಡಿಗಳನ್ನು ಒತ್ತುತ್ತಾ, "ಮೊದಲಿನ ಚಿತ್ರ..." ಎಂದರು, ಅಷ್ಟೇ. ನನ್ನ ತಡೆ ಒಡೆದು ಹೋಯಿತು. ಚೀಲಕ್ಕೆ ಕೈ ಹಾಕಿ, ಕರೀ ಪಟ್ಟಿ ತೆಗೆದು, ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದು ಹೇಳಿದೆ:

"ಡಾಕ್ಟ್ರೇ, ತಪ್ಪು ಕೂಸಿಂದಲ್ರಿ, ನಂದು. ಲ್ಯಾಮಿನೇಷನ್ ಮಾಡ್ಸೀನ್ರಿ."

ಮಲಗಿದ್ದಲ್ಲಿಂದಲೇ ಶಿಲ್ಪಾ ತಲೆ ಎತ್ತಿದಳು. ಪಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಮಾವ, ಇಷ್ಟ ದಿವಸ ಮುಚ್ಚಿಟ್ಟದ್ದು ಇದನ್ನೇನ್ರಿ?"

ಹೌದು ಎಂದೆ. "ಡಾಕ್ಟರಮ್ಮ ಬ್ಯಾರೆ ಏನೂ ಹೇಳಿಲ್ಲೇನ್ರಿ?" ಇಲ್ಲವ್ವಾ, ನಿನ್ನಾಣೆಗೂ ಇಲ್ಲ ಎಂದೆ. ಅವಳು ತಲೆಯನ್ನು ದಿಂಬಿಗೆ ಇಟ್ಟು ಒಂದು ದೊಡ್ಡ ಉಸಿರು ಬಿಟ್ಟಳು. ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು, ಹೊಟ್ಟೆ ಮಾತ್ರ ನಗುವಿಗೆ ಕುಲುಕುತ್ತಿತ್ತು. ಸ್ವಲ್ಪ ಅಲುಗಾಡದೆ ಇರಮ್ಮ ಎಂದು ಡಾಕ್ಟರು ಕೇಳಿಕೊಳ್ಳಬೇಕಾಯಿತು.

ಅವರು ಪಟ್ಟಿಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ, ಪೂರ್ತಿ ಮಾತು ಮುಗಿಸಿದರು. ಮೊದಲಿನ ಚಿತ್ರಗಳೆಲ್ಲ ಕಂಪ್ಯೂಟರಿನಲ್ಲಿವೆ, ಅವನ್ನು ಆಗಲೇ ನೋಡಿದ್ದೇನೆ ಎಂದು ಹೇಳಲು ಹೊರಟಿದ್ದರಂತೆ. ಒಂದು ಗುಂಡಿ ಒತ್ತಿದರು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಅದೇ ಮುಖ, ಅದೇ ಮುಷ್ಟಿ, ಅದೇ ಮೂಗು. ಒಂದಲ್ಲ, ನೂರಾರು! ಆಕಳಿಸುವುದು, ಬೆರಳು ಚೀಪುವುದು, ಎಲ್ಲ ಸಿನಿಮಾದಂತೆ ಓಡಿತು.

"ಮತ್ತ ಆ ಕಾಗದ ಯಾಕ ಕೊಟ್ರಿ?" ಎಂದು ಕೇಳಿದೆ.

"ಅದು ನಿಮ್ಮಂಥ ಅಜ್ಜಂದಿರು ನೋಡಿ ಸಂತೋಷಪಡಲಿ ಅಂತ ಕೊಡೋದು" ಎಂದರು.

ಎಷ್ಟು ಸಂತೋಷಪಟ್ಟೆ ಎಂಬುದನ್ನು ಓದುಗರು ಬಲ್ಲರು.

ಆದರೆ ಮುಖ್ಯ ಪರೀಕ್ಷೆ ಇನ್ನೂ ಬಾಕಿ ಇತ್ತು. ಡಾಕ್ಟರು ಹೊಟ್ಟೆಯ ಮೇಲೆ ಮಿಷನ್ನಿನ ಹಿಡಿಕೆಯನ್ನು ಆಡಿಸುತ್ತಾ ಪರದೆ ನೋಡುತ್ತಾ ಮೌನವಾದರು. ಒಂದು ನಿಮಿಷ. ಎರಡು ನಿಮಿಷ. ನಗುತ್ತಿದ್ದ ಶಿಲ್ಪಾ ಕೈ ಚಾಚಿ ನನ್ನ ಬೆರಳು ಹಿಡಿದುಕೊಂಡಳು. ಪರದೆಯಲ್ಲಿ ಹೃದಯ ಬಂತು, ಬೆಳ್ಳುಳ್ಳಿ ಎಸಳಿನಷ್ಟು. ಅದರೊಳಗೆ ಚುಕ್ಕಿ. ಅಲ್ಲೇ ಇತ್ತು, ಹೋಗಿರಲಿಲ್ಲ. ಇದ್ದಕ್ಕಿದ್ದಂತೆ ಎಲ್ಲ ಕೆಂಪು, ನೀಲಿ ಬಣ್ಣ ತುಂಬಿ ಚಿಮ್ಮತೊಡಗಿತು. ನೆತ್ತರು ಒಡೆಯಿತು ಎಂದುಕೊಂಡೆ. ರಕ್ತ ಯಾವ ಕಡೆಗೆ ಹರಿಯುತ್ತದೆ ಎಂದು ಮಿಷನ್ನು ಬಣ್ಣ ಹಾಕಿ ತೋರಿಸುತ್ತದೆಂದು ನನಗೇನು ಗೊತ್ತು? ಡಾಕ್ಟರು ಹೃದಯದ ನಾಲ್ಕು ಕೋಣೆಗಳನ್ನು ಎಣಿಸಿದರು, ಬಾಗಿಲು ತೆರೆದು ಮುಚ್ಚುವುದನ್ನು ನೋಡಿದರು, ಮತ್ತೊಮ್ಮೆ ನೋಡಿದರು. ಆ ಹೊತ್ತಿನಲ್ಲಿ ನಾನು ನೀಲಮ್ಮ ಮತ್ತು ಬೀಗಿತ್ತಿ ಇಬ್ಬರ ಹರಕೆಯನ್ನೂ ಕೂಡಿಸಿ, ಅದರ ಮೇಲೆ ನನ್ನದೊಂದು ಹೊತ್ತೆ.

"ಹೃದಯ ಚೆನ್ನಾಗಿದೆಯಮ್ಮ" ಎಂದರು ಕೊನೆಗೆ. "ಚುಕ್ಕಿ ಇದೆ, ಇರಲಿ. ಮೈಮೇಲೆ ಮಚ್ಚೆ ಇದ್ದ ಹಾಗೆ. ಕೇಳಿ ಬೇಕಾದರೆ."

ಶಬ್ದದ ಗುಂಡಿ ತಿರುಗಿಸಿದರು. ದಬ ದಬ ದಬ ದಬ! ಸುಗ್ಗಿಯಲ್ಲಿ ನಮ್ಮ ಮಿಲ್ಲಿನ ಬೆಲ್ಟು ಹೊಡೆದುಕೊಳ್ಳುವ ರಭಸ. ಇಡೀ ಕೋಣೆ ತುಂಬಿತು. ನಾಲ್ಕು ದಿನದಿಂದ ನಾನು ಕಪ್ಪಾಯಿತು, ಹೋಯಿತು ಎಂದು ಗೋಳಾಡುತ್ತಿದ್ದ ಹೃದಯ ಅದು. ಶಿಲ್ಪಾ ಜೋರಾಗಿ ಅತ್ತಳು. ನಾನು ಅಳಬಾರದು, ಗಂಡಸು, ಮನೆಯ ಹಿರಿಯ, ಅವಳಿಗೆ ಧೈರ್ಯ ಹೇಳಬೇಕು ಎಂದು ಬಾಯಿ ತೆರೆದೆ. ಅಷ್ಟೇ ನೆನಪು.

ಎಚ್ಚರವಾದಾಗ ಮಹಡಿಯ ಮೇಲಿನ ವಾರ್ಡಿನ ಮಂಚದ ಮೇಲಿದ್ದೆ. ಎಡಗಡೆಗೆ ಒಬ್ಬ ಬಾಣಂತಿ, ಬಲಗಡೆಗೆ ಒಬ್ಬ ಬಾಣಂತಿ, ನನ್ನ ಮಂಚದ ಪಕ್ಕಕ್ಕೂ ಒಂದು ಖಾಲಿ ತೊಟ್ಟಿಲು. ರಟ್ಟೆಗೆ ಬಿ.ಪಿ. ಪಟ್ಟಿ ಸುತ್ತಿದ್ದರು. ಆ ಆಸ್ಪತ್ರೆಯಲ್ಲಿ ಬೇರೆ ಮಂಚವೇ ಇಲ್ಲವಂತೆ. ನರ್ಸಮ್ಮ ದಾಖಲಾತಿಯ ಫಾರಂ ಹಿಡಿದುಕೊಂಡು ಬಂದು, ಹೆಸರು, ಊರು, ವಯಸ್ಸು ಕೇಳಿ ಬರೆದುಕೊಂಡು, ಮುಂದಿನ ಸಾಲು ನೋಡಿ ಪೆನ್ನು ನಿಲ್ಲಿಸಿದಳು. ಎಷ್ಟನೇ ಹೆರಿಗೆ ಎಂದು ಅಚ್ಚಾಗಿತ್ತು.

"ಚೊಚ್ಚಲ ಅಂತ ಬರ್ಕೊಳವ್ವಾ" ಎಂದಳು ನೀಲಮ್ಮ. ಅವಳಿಗೆ ಅಷ್ಟರಲ್ಲಿ ಸೊಸೆಯಿಂದ ಎಲ್ಲ ವಿಷಯ ಗೊತ್ತಾಗಿತ್ತು.

ಪಕ್ಕದ ಮಂಚದವರನ್ನು ನೋಡಲು ಬಂದ ನೆಂಟರೆಲ್ಲ ನನ್ನನ್ನೂ ಒಂದು ಸಲ ಇಣುಕಿ ನೋಡಿ ಹೋದರು. ಒಬ್ಬ ಮುದುಕಿ ಯಾವ ಯೋಚನೆಯಲ್ಲಿದ್ದಳೋ, ನನಗೂ ಒಂದು ಬಟ್ಟಲು ಮೆಂತ್ಯದ ಗಂಜಿ ಕೊಟ್ಟು ಹೋದಳು. ಕುಡಿದೆ. ಚೆನ್ನಾಗಿತ್ತು. ಮಂಚದ ತುದಿಗೆ ಕೂತ ಶಿಲ್ಪಾ ನಾಲ್ಕು ದಿನದ ಹಸಿವೆಯನ್ನು ಒಂದೇ ಸಲ ತೀರಿಸಿಕೊಳ್ಳುವವಳಂತೆ ಕ್ಯಾಂಟೀನಿನ ಇಡ್ಲಿ ತಿನ್ನುತ್ತಿದ್ದಳು. ಮೂರನೇ ಪ್ಲೇಟು.

ನಾಲ್ಕು ತಿಂಗಳ ಮೇಲೆ ಶಿಲ್ಪಾಳಿಗೆ ಬೇನೆ ಬಂದಾಗ ಮತ್ತೆ ಅಲ್ಲಿಗೇ ಹೋದೆವು. ವೀರೇಶ ಅವಳನ್ನು ಹಿಡಿದುಕೊಂಡಿದ್ದ, ನೀಲಮ್ಮ ಬಟ್ಟೆಯ ಗಂಟು ಹೊತ್ತಿದ್ದಳು, ನಾನು ಎಲ್ಲರಿಗಿಂತ ಮುಂದೆ, ಬಹಳ ಧೈರ್ಯದಿಂದ ಮೆಟ್ಟಿಲು ಹತ್ತಿದೆ. ಅದೇ ನರ್ಸಮ್ಮ ಬಾಗಿಲಲ್ಲಿ ನಿಂತಿದ್ದಳು. ಬೇನೆ ತಿನ್ನುತ್ತಿದ್ದ ಸೊಸೆಯನ್ನು ದಾಟಿ ಅವಳ ಕಣ್ಣು ನೇರವಾಗಿ ನನ್ನ ಮೇಲೆ ಬಿತ್ತು. ಒಳಗೆ ತಿರುಗಿ ಹೇಳಿದಳು:

"ಅಜ್ಜಾರು ಬಂದ್ರು. ಎರಡು ಮಂಚ ಹಾಸ್ರಿ."

ಎರಡೂ ಬೇಕಾದವು.